ಸಿಮೆಂಟ್ ಸೀಮೆಯಲ್ಲಿ ಸುರಕ್ಷತೆಯ ಒಂದೇ ಅಳತೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ್ ಮತ್ತು ಚಿಂಚೋಳಿ ತಾಲ್ಲೂಕುಗಳ ಕಪ್ಪು ಮಣ್ಣಿನ ಕೆಳಗೆ, ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹವೆಂದು ಗುರುತಿಸುವ ಸುಣ್ಣಕಲ್ಲಿನ ಪದರಗಳು ಮೈಲುಗಟ್ಟಲೆ ಹರಡಿಕೊಂಡಿದ್ದು, ನಿಜಾಮರ ಆಳ್ವಿಕೆಯ ಕಾಲದಿಂದ ಇಂದಿನವರೆಗೂ ಈ ಭಾಗದ ದುಡಿಮೆಯ ಸ್ವರೂಪವನ್ನು ನಿರ್ಧರಿಸುತ್ತ ಬಂದಿವೆ. 1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಒಂದಾಗಿ ಎ.ಸಿ.ಸಿ. ರೂಪುಗೊಂಡಾಗ ಹಾಗೆ ಸೇರಿಕೊಂಡವುಗಳಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಒಂದಾಗಿತ್ತು. 1968ರಲ್ಲಿ ಅದೇ ಎ.ಸಿ.ಸಿ. ರೈಲ್ವೆ ಜಂಕ್ಷನ್ ಆಗಿ ಹೆಸರಾಗಿದ್ದ ವಾಡಿಯಲ್ಲಿ ಕಾರ್ಖಾನೆ ತೆರೆಯಿತು. 1980ರ ದಶಕದಲ್ಲಿ ಮಳಖೇಡದ ಬಳಿ ರಾಜಶ್ರೀ ಸಿಮೆಂಟ್ ಮತ್ತು ಸೇಡಂನಲ್ಲಿ ವಾಸವದತ್ತಾ ಸಿಮೆಂಟ್ ತಲೆಯೆತ್ತಿದವು. ಸೇಡಂ ತಾಲ್ಲೂಕಿನ ಕುರಕುಂಟಾದಲ್ಲಿ ಕೇಂದ್ರ ಸರ್ಕಾರದ ಸಿಮೆಂಟ್ ನಿಗಮದ ಘಟಕ ಕೆಲಕಾಲ ನಡೆದು ನಿಂತುಹೋಯಿತು. ಕಳೆದ ದಶಕದಲ್ಲಿ ಚಿಂಚೋಳಿ ತಾಲ್ಲೂಕಿನ ಛತ್ರಸಾಲದಲ್ಲಿ ಫ್ರಾನ್ಸಿನ ವಿಕಾ ಸಮೂಹದ ಕಲಬುರ್ಗಿ ಸಿಮೆಂಟ್, ಅದೇ ತಾಲ್ಲೂಕಿನಲ್ಲಿ ಚೆಟ್ಟಿನಾಡ್ ಸಿಮೆಂಟ್, ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ ಓರಿಯೆಂಟ್ ಸಿಮೆಂಟ್, ಸೇಡಂ ತಾಲ್ಲೂಕಿನ ಕೋಡ್ಲಾದಲ್ಲಿ ಶ್ರೀ ಸಿಮೆಂಟ್ ಘಟಕಗಳು ಸಾಲುಗಟ್ಟಿ ಬಂದವು.

ಈಚಿನ ವರ್ಷಗಳಲ್ಲಿ ಈ ಸೀಮೆಯಲ್ಲಿ ಆಗಿರುವ ದೊಡ್ಡ ಬದಲಾವಣೆ ಹೊಸ ಕಾರ್ಖಾನೆಗಳದ್ದಲ್ಲ, ಒಡೆತನದ್ದು. 2005ರಲ್ಲಿ ಎ.ಸಿ.ಸಿ. ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಸಮೂಹದ ಪ್ರಭಾವಕ್ಕೆ ಒಳಪಟ್ಟಿತು, 2022ರ ಸೆಪ್ಟೆಂಬರಿನಲ್ಲಿ ಅಂಬುಜಾ ಸಿಮೆಂಟ್ಸ್ ಜೊತೆಗೆ ಅದಾನಿ ಸಮೂಹದ ಕೈಸೇರಿತು. 2025ರ ಏಪ್ರಿಲ್‌ನಲ್ಲಿ ಅದೇ ಅಂಬುಜಾ ಓರಿಯೆಂಟ್ ಸಿಮೆಂಟ್ ಕಂಪನಿಯ ನಿಯಂತ್ರಣ ಪಡೆದದ್ದರಿಂದ ವಾಡಿ ಮತ್ತು ಇಟಗಾ ಒಂದೇ ಸಮೂಹದ ಅಂಗಗಳಾದವು. ಇತ್ತ ವಾಸವದತ್ತಾ ಸಿಮೆಂಟಿನ ಒಡೆತನ ಹೊಂದಿದ್ದ ಕೇಸೋರಾಮ್ ಕಂಪನಿಯ ಸಿಮೆಂಟ್ ವ್ಯವಹಾರ 2025ರ ಮಾರ್ಚ್ 1ರಿಂದ, ರಾಜಶ್ರೀ ಘಟಕದ ಒಡೆತನವಿರುವ ಅಲ್ಟ್ರಾಟೆಕ್‌ನಲ್ಲಿ ವಿಲೀನಗೊಂಡದ್ದರಿಂದ, ಹಲವು ದಶಕ ಪ್ರತಿಸ್ಪರ್ಧಿಗಳಾಗಿದ್ದ ಮಳಖೇಡ ಮತ್ತು ಸೇಡಂನ ಕಾರ್ಖಾನೆಗಳು ಒಂದೇ ಹೆಸರಿನಡಿ ಬಂದವು. ಹೀಗೆ ಬೇರೆ ಬೇರೆ ಮನೆತನ, ಪದ್ಧತಿ ಮತ್ತು ದಾಖಲೆ ಪುಸ್ತಕಗಳಲ್ಲಿ ಬೆಳೆದ ಘಟಕಗಳು ಒಂದೇ ಆಡಳಿತದ ಕೆಳಗೆ ಬಂದಾಗ ಮಾರುಕಟ್ಟೆಯ ಪಾಲು, ಷೇರಿನ ಬೆಲೆ, ಉತ್ಪಾದನಾ ಸಾಮರ್ಥ್ಯಗಳ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆಯಾಗುತ್ತದೆ; ಆದರೆ ಒಂದು ಘಟಕದಲ್ಲಿ ಅಪಾಯವೆಂದು ಪರಿಗಣಿಸಿ ನಿಲ್ಲಿಸುವ ಕೆಲಸ ಹತ್ತಾರು ಕಿಲೋಮೀಟರ್ ಆಚೆಯ ಇನ್ನೊಂದು ಘಟಕದಲ್ಲಿ ದಿನನಿತ್ಯ ನಡೆಯುತ್ತಿದ್ದರೆ ಅದನ್ನು ಸರಿದೂಗಿಸುವವರು ಯಾರು ಎಂಬ ಪ್ರಶ್ನೆ ಅಷ್ಟಾಗಿ ಕೇಳಿಬರುವುದಿಲ್ಲ.

ದೊಡ್ಡ ಉದ್ಯಮವೊಂದರ ಎಲ್ಲ ಘಟಕಗಳಲ್ಲೂ ಕೆಲಸದ ಸ್ಥಳದ ಪರಿಸರ, ಕಾರ್ಮಿಕರ ಆರೋಗ್ಯ ಮತ್ತು ಸುರಕ್ಷತೆಯನ್ನು ಒಂದೇ ಕನಿಷ್ಠ ಮಟ್ಟಕ್ಕೆ ತರುವ ಪ್ರಯತ್ನಕ್ಕೆ ಆಡಳಿತದ ಭಾಷೆಯಲ್ಲಿ ಏಕರೂಪದ ನಿರ್ವಹಣಾ ವ್ಯವಸ್ಥೆ ಎಂದು ಹೆಸರು. ಅಪಾಯಗಳನ್ನು ಮೊದಲೇ ಗುರುತಿಸುವುದು, ಅವುಗಳನ್ನು ತಡೆಯುವ ನಿಯಮ ರೂಪಿಸುವುದು, ನಿಯಮ ಪಾಲನೆಯಾಗುತ್ತಿದೆಯೇ ಎಂದು ಹೊರಗಿನವರಿಂದಲೂ ಪರಿಶೀಲಿಸುವುದು, ಎಲ್ಲಾದರೂ ತಪ್ಪಿದರೆ ಆ ಪಾಠವನ್ನು ಎಲ್ಲ ಘಟಕಗಳಿಗೂ ತಲುಪಿಸುವುದು, ಈ ಸರಪಳಿಯನ್ನು ಪರಿಸರದ ವಿಷಯದಲ್ಲಿ ಐ.ಎಸ್.ಒ. 14001 ಎಂಬ ಅಂತರರಾಷ್ಟ್ರೀಯ ಮಾನಕ 1996ರಿಂದ ಹೇಳುತ್ತಿದ್ದರೆ, ಆರೋಗ್ಯ ಮತ್ತು ಸುರಕ್ಷತೆಯ ವಿಷಯದಲ್ಲಿ 2018ರಲ್ಲಿ ಪ್ರಕಟವಾದ ಐ.ಎಸ್.ಒ. 45001 ಹೇಳುತ್ತದೆ. ಎರಡೂ ಈಗ ಒಂದೇ ಚೌಕಟ್ಟಿನಲ್ಲಿ ರಚಿತವಾಗಿರುವುದರಿಂದ ಧೂಳು, ಶಬ್ದ, ಶಾಖ, ಯಂತ್ರಾಪಾಯಗಳನ್ನು ಪ್ರತ್ಯೇಕ ಇಲಾಖೆಗಳ ಪ್ರತ್ಯೇಕ ಕಡತಗಳಲ್ಲಿ ಇಡುವ ಬದಲು ಒಟ್ಟಿಗೆ ನೋಡಲು ಅವಕಾಶವಿದೆ. ಸಿಮೆಂಟ್ ಉದ್ಯಮದಲ್ಲಿ ಇದು ಅನಿವಾರ್ಯವೂ ಹೌದು, ಏಕೆಂದರೆ ಚೀಲ ತುಂಬುವವನ ಶ್ವಾಸಕೋಶಕ್ಕೆ ಇಳಿಯುವ ಧೂಳೇ ಗೋಡೆ ದಾಟಿ ಪಕ್ಕದ ಹೊಲದ ತೊಗರಿಯ ಎಲೆಯ ಮೇಲೂ ಕೂರುತ್ತದೆ.

ಆದರೆ ಏಕರೂಪತೆಗೆ ಮೊದಲ ತೊಡಕು ಕಂಪನಿಯ ಒಳಗಿನಿಂದ ಬರದೆ ಕಾನೂನಿನಿಂದಲೇ ಬಂದಿದೆ. ಸಿಮೆಂಟ್ ಕಂಪನಿಯೊಂದು ಕಲ್ಲು ಒಡೆಯುವ ಗಣಿಗೆ 1952ರ ಗಣಿ ಕಾಯ್ದೆ ಅನ್ವಯಿಸುತ್ತಿತ್ತು, ಅದರ ಉಸ್ತುವಾರಿ ಧನಬಾದ್‌ನಲ್ಲಿ ಕೇಂದ್ರ ಕಚೇರಿ ಇರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ್ದು. ಅದೇ ಕಲ್ಲು ಬೆಲ್ಟಿನ ಮೇಲೆ ಸಾಗಿ ಕಾರ್ಖಾನೆಯ ಆವರಣ ಸೇರಿದೊಡನೆ 1948ರ ಕಾರ್ಖಾನೆಗಳ ಕಾಯ್ದೆ ಆರಂಭವಾಗಿ, ಉಸ್ತುವಾರಿ ರಾಜ್ಯ ಸರ್ಕಾರದ ಕಾರ್ಖಾನೆ, ಬಾಯ್ಲರ್, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಹೋಗುತ್ತಿತ್ತು. ಚಿಮಣಿಯಿಂದ ಹೊರಬೀಳುವುದರ ಲೆಕ್ಕ ಕೇಳುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಈ ವಿಭಜನೆಯ ಫಲ ಕಾರ್ಮಿಕನ ದೇಹದ ಮೇಲೆಯೇ ಕಾಣುತ್ತದೆ. ಭೋಪಾಲ ದುರಂತದ ನಂತರ 1987ರಲ್ಲಿ ತಿದ್ದುಪಡಿಯಾದ ಕಾರ್ಖಾನೆಗಳ ಕಾಯ್ದೆ ಸಿಮೆಂಟ್ ತಯಾರಿಕೆಯನ್ನು ಅಪಾಯಕಾರಿ ಪ್ರಕ್ರಿಯೆಗಳ ಪಟ್ಟಿಯಲ್ಲಿ ಸೇರಿಸಿ, ಅಂಥ ಕೆಲಸದಲ್ಲಿರುವವರ ವೈದ್ಯಕೀಯ ತಪಾಸಣೆ 12 ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂದು ವಿಧಿಸಿತು. 1955ರ ಗಣಿ ನಿಯಮಗಳಾದರೋ ಗಣಿ ಕಾರ್ಮಿಕನ ಆವರ್ತ ತಪಾಸಣೆಗೆ ಐದು ವರ್ಷಗಳವರೆಗೆ ಅವಧಿ ಕೊಟ್ಟಿದ್ದವು. ಒಂದೇ ಕಂಪನಿಗೆ, ಒಂದೇ ಕಲ್ಲಿನ ಧೂಳಿನಲ್ಲಿ ದುಡಿಯುವ ಇಬ್ಬರಲ್ಲಿ ಒಬ್ಬನ ಎದೆಯ ಚಿತ್ರ ವರ್ಷಕ್ಕೊಮ್ಮೆ, ಇನ್ನೊಬ್ಬನದು ಐದು ವರ್ಷಕ್ಕೊಮ್ಮೆ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಯಾವ ಸಮರ್ಥನೆಯೂ ಸಿಗುವುದಿಲ್ಲ. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಗಟ್ಟಿಗೊಳಿಸುವ ಸಿಲಿಕೋಸಿಸ್ ಎಂಬ ಕಾಯಿಲೆ ಭಾರತದಲ್ಲಿ ಮೊದಲು ವರದಿಯಾದದ್ದು 1934ರಲ್ಲಿ, ಕರ್ನಾಟಕದ್ದೇ ಆದ ಕೋಲಾರ ಚಿನ್ನದ ಗಣಿಗಳಲ್ಲಿ ಎಂಬುದನ್ನು ನೆನೆದರೆ ಈ ಅಂತರ ಇನ್ನಷ್ಟು ಖೇದಕರವೆನಿಸುತ್ತದೆ.

ಗಣಿ, ಕಾರ್ಖಾನೆ, ಗುತ್ತಿಗೆ ಕಾರ್ಮಿಕರು ಮೊದಲಾದವುಗಳಿಗೆ ಸಂಬಂಧಿಸಿದ 13 ಕಾಯ್ದೆಗಳನ್ನು ಒಗ್ಗೂಡಿಸಿದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆಯಾದರೂ, ಗಣಿಗಳ ಮೇಲ್ವಿಚಾರಣೆ ಕೇಂದ್ರದಲ್ಲಿ, ಖಾಸಗಿ ಕಾರ್ಖಾನೆಗಳದ್ದು ರಾಜ್ಯದಲ್ಲಿ ಉಳಿಯುವ ವ್ಯವಸ್ಥೆ ಮುಂದುವರಿದಿದೆ. ಆದ್ದರಿಂದ ಕಂಪನಿಯ ಆಂತರಿಕ ಮಾನದಂಡಕ್ಕೆ ವಿಶೇಷ ಮಹತ್ವ ಬರುತ್ತದೆ. ಎರಡು ನಿಯಮಗಳಲ್ಲಿ ಕಟ್ಟುನಿಟ್ಟಾದುದನ್ನು ಆರಿಸಿ ಅದನ್ನೇ ಗಣಿಗೂ ಕಾರ್ಖಾನೆಗೂ ಅನ್ವಯಿಸಲು ಯಾವ ಕಾನೂನೂ ಅಡ್ಡಿಯಾಗುವುದಿಲ್ಲ. ಕಾನೂನು ಹೇಳುವುದು ಕನಿಷ್ಠವನ್ನು ಮಾತ್ರ.

ಮಾನದಂಡ ಎಂಬುದು ಕಾಗದದಿಂದ ಇಳಿದು ಕೆಲಸದ ಜಾಗಕ್ಕೆ ಬಂದಾಗ ಹೇಗಿರುತ್ತದೆ ಎಂಬುದನ್ನು ತಿಳಿಯಲು ಸಿಮೆಂಟ್ ಕಾರ್ಖಾನೆಯ ಅತ್ಯಂತ ಅಪಾಯಕಾರಿ ಕೆಲಸಗಳಲ್ಲೊಂದನ್ನು ವಿವರವಾಗಿ ನೋಡಬೇಕು. ಪುಡಿ ಮಾಡಿದ ಸುಣ್ಣಕಲ್ಲು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದು ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗುವುದು ಉರುಳುವ ಗೂಡಿನಲ್ಲಿ. ವಾಡಿಯಲ್ಲಿ ದಿನಕ್ಕೆ 12,500 ಟನ್ ಕ್ಲಿಂಕರ್ ತಯಾರಿಸುವ ಸಾಮರ್ಥ್ಯದ ಗೂಡು ಇದೆ. ಗೂಡಿಗೆ ಬೀಳುವ ಮುನ್ನ ಪುಡಿಯು ಪ್ರಿಹೀಟರ್ ಎಂಬ ಎತ್ತರದ ಗೋಪುರದಲ್ಲಿ ಒಂದರ ಕೆಳಗೊಂದಿರುವ ಸೈಕ್ಲೋನ್‌ಗಳ ಮೂಲಕ, ಅಂದರೆ ಆಲಿಕೆಯಾಕಾರದ ಉಕ್ಕಿನ ಪಾತ್ರೆಗಳ ಮೂಲಕ ಇಳಿಯುತ್ತ, ಗೂಡಿನಿಂದ ಮೇಲೇರುವ ಬಿಸಿ ಅನಿಲದಿಂದ ಕಾಯುತ್ತದೆ. ತಳದ ಸೈಕ್ಲೋನ್ ತಲುಪುವ ಹೊತ್ತಿಗೆ ಅದರ ಶಾಖ 800 ಡಿಗ್ರಿ ದಾಟಿರುತ್ತದೆ. ಕೆಲವೊಮ್ಮೆ ಪುಡಿ ಗೋಡೆಗೆ ಅಂಟಿ ಗಂಟುಕಟ್ಟಿ ದಾರಿ ಮುಚ್ಚಿಕೊಳ್ಳುತ್ತದೆ, ಕಾರ್ಮಿಕರ ಮಾತಿನಲ್ಲಿ ಜಾಮ್ ಆಗುತ್ತದೆ. ಆಗ ಸಣ್ಣ ಕಿಂಡಿ ತೆರೆದು, ಉದ್ದನೆಯ ಸರಳು ಅಥವಾ ಅಧಿಕ ಒತ್ತಡದ ಗಾಳಿಯಿಂದ ಅದನ್ನು ಬಿಡಿಸಬೇಕು. ಗಂಟು ಸಡಿಲಗೊಂಡ ಕ್ಷಣದಲ್ಲಿ ಮೇಲೆ ಶೇಖರಗೊಂಡಿದ್ದ ಟನ್ನುಗಟ್ಟಲೆ ಕಾದ ಪುಡಿ ನೀರಿನಂತೆ ಹರಿಯುವ ಗುಣದ್ದಾದ್ದರಿಂದ, ತೆರೆದ ಕಿಂಡಿಯ ಮುಂದೆ ನಿಂತವರ ಮೇಲೂ, ಕೆಳಗಿನ ಅಂತಸ್ತಿನಲ್ಲಿ ಏನೂ ತಿಳಿಯದೆ ಬೇರೆ ಕೆಲಸದಲ್ಲಿ ತೊಡಗಿರುವವರ ಮೇಲೂ ಎರಗಬಹುದು.

ಇಂಥ ಕೆಲಸಕ್ಕೆ ಏಕರೂಪದ ನಿಯಮ ಎಂದರೆ ಹೀಗಿರುತ್ತದೆ: ಗೂಡಿಗೆ ಪುಡಿ ಹಾಯುವುದನ್ನು ನಿಲ್ಲಿಸಬೇಕು, ಒಳಗಿನ ಒತ್ತಡ ಹೊರಕ್ಕೆ ತಳ್ಳದಂತೆ ಫ್ಯಾನ್ ಎಳೆಯುತ್ತಿರಬೇಕು, ಸಂಕುಚಿತ ಗಾಳಿಯ ಸಿಡಿಕೊಳವೆಗಳ ಸಂಪರ್ಕ ಕಡಿದು ಬೀಗ ಹಾಕಬೇಕು, ಕೆಳಗಿನ ಎಲ್ಲ ಅಂತಸ್ತುಗಳಿಂದ ಜನರನ್ನು ಹೊರಗೆ ಕಳುಹಿಸಿ ದಾರಿಗಳಿಗೆ ಅಡ್ಡಗಟ್ಟಬೇಕು, ಒಂದು ಹೊತ್ತಿಗೆ ಒಂದೇ ಕಿಂಡಿ ತೆರೆಯಬೇಕು, ಮೇಲಿನದನ್ನು ಬಿಟ್ಟು ಕೆಳಗಿನಿಂದ ಬಿಡಿಸುತ್ತ ಬರಬೇಕು, ಶಾಖನಿರೋಧಕ ಪೂರ್ಣ ಉಡುಪು ಧರಿಸಿದ ತರಬೇತಿ ಪಡೆದವರಷ್ಟೇ ಹತ್ತಿರ ಹೋಗಬೇಕು, ಇದೆಲ್ಲ ಆಗಿದೆಯೆಂದು ಜವಾಬ್ದಾರಿಯುತ ಅಧಿಕಾರಿ ಸ್ಥಳದಲ್ಲೇ ನೋಡಿ ಲಿಖಿತ ಪರ್ಮಿಟ್ ಕೊಡಬೇಕು. ಬೀಗ ಹಾಕುವ ಪದ್ಧತಿಗೆ ಲಾಕ್‌ಔಟ್–ಟ್ಯಾಗ್‌ಔಟ್ ಎಂದು ಹೆಸರು. ಯಂತ್ರದೊಳಗೆ ಕೈಯಿಡುವ ಪ್ರತಿಯೊಬ್ಬನೂ ವಿದ್ಯುತ್, ಗಾಳಿ ಅಥವಾ ದ್ರವದ ಸಂಪರ್ಕದ ಸ್ಥಾನಕ್ಕೆ ತನ್ನದೇ ಬೀಗ ಜಡಿದು ಕೀಲಿಯನ್ನು ತನ್ನ ಬಳಿಯೇ ಇಟ್ಟುಕೊಳ್ಳುವುದು ಅದರ ತಿರುಳು. ಅಮೆರಿಕದಲ್ಲಿ 1989ರಲ್ಲಿ ಇದಕ್ಕೆ ಪ್ರತ್ಯೇಕ ಕಾನೂನು ನಿಯಮವೇ ಬಂದಿತು. ಕೀಲಿ ಮೇಲ್ವಿಚಾರಕನ ಮೇಜಿನ ಡ್ರಾಯರಿನಲ್ಲಿದ್ದರೆ ಆ ಪದ್ಧತಿ ಹೆಸರಿಗೆ ಮಾತ್ರ ಜಾರಿಯಲ್ಲಿರುತ್ತದೆ. ಒಂದು ಘಟಕದಲ್ಲಿ ಕೀಲಿ ಕಾರ್ಮಿಕನ ಜೇಬಿನಲ್ಲೂ, ಇನ್ನೊಂದು ಘಟಕದಲ್ಲಿ ಮೇಲ್ವಿಚಾರಕನ ಕೈಯಲ್ಲೂ ಇದ್ದರೆ, ಎರಡರ ಗೇಟಿನಲ್ಲೂ ಒಂದೇ ಪ್ರಮಾಣಪತ್ರ ತೂಗುಹಾಕಿದ್ದರೂ ಅವೆರಡೂ ಒಂದೇ ಮಟ್ಟದಲ್ಲಿಲ್ಲ. ದೊಡ್ಡ ಸಮೂಹವೊಂದು ಹೊಸ ಘಟಕವನ್ನು ಕೊಂಡಾಗ ಮೊದಲು ಪರೀಕ್ಷಿಸಬೇಕಾದದ್ದು ಇಂಥ ವಿವರಗಳನ್ನೇ. ನೀತಿಪತ್ರದ ಒಕ್ಕಣೆ ನಂತರ ಬಂದರೂ ನಡೆಯುತ್ತದೆ.

ಏಕರೂಪತೆಯ ಎರಡನೆಯ ದೊಡ್ಡ ಪ್ರಶ್ನೆ ಎಣಿಕೆಯದು. ಅಪಘಾತಗಳನ್ನು ಹೋಲಿಸಲು ಉದ್ಯಮಗಳು ಬಳಸುವ ಸೂಚ್ಯಂಕವು ದುಡಿದ ಪ್ರತಿ 10 ಲಕ್ಷ ಗಂಟೆಗಳಿಗೆ ಕೆಲಸಕ್ಕೆ ಬರಲಾಗದಂಥ ಎಷ್ಟು ಗಾಯಗಳಾದವು ಎಂಬುದನ್ನು ತಿಳಿಸುತ್ತದೆ. ಅಮೆರಿಕದ ಪದ್ಧತಿಯಲ್ಲಿ ಆಧಾರ 2 ಲಕ್ಷ ಗಂಟೆ, ಅಂದರೆ 100 ಜನ ವಾರಕ್ಕೆ 40 ಗಂಟೆಯಂತೆ ವರ್ಷದ 50 ವಾರ ದುಡಿದಷ್ಟು. ಯಾವ ಗಾಯ ಲೆಕ್ಕಕ್ಕೆ ಸೇರಬೇಕೆಂಬುದರಲ್ಲೂ ಭೇದವಿದೆ: ಕಾರ್ಖಾನೆಗಳ ಕಾಯ್ದೆ 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸಕ್ಕೆ ಬರಲಾಗದ ಗಾಯವನ್ನು ವರದಿ ಮಾಡಬೇಕೆಂದಿದ್ದರೆ, ಅಂತರರಾಷ್ಟ್ರೀಯ ಉದ್ಯಮ ಪದ್ಧತಿಯಲ್ಲಿ ಮುಂದಿನ ಪಾಳಿಗೆ ಬರಲಾಗದಿದ್ದರೂ ಸಾಕು. ಕೇವಲ ಉದಾಹರಣೆಗಾಗಿ, 400 ಕಾಯಂ ನೌಕರರು ಮತ್ತು 1,600 ಗುತ್ತಿಗೆ ಕಾರ್ಮಿಕರು ವರ್ಷಕ್ಕೆ ತಲಾ 2,500 ಗಂಟೆ ದುಡಿಯುವ ಕಾರ್ಖಾನೆಯೊಂದನ್ನು ಕಲ್ಪಿಸಿಕೊಳ್ಳಬಹುದು. ವರ್ಷದಲ್ಲಿ 10 ಜನ ಗಾಯಗೊಂಡು, ಅವರಲ್ಲಿ ಒಬ್ಬ ಕಾಯಂ ನೌಕರನೂ ಒಂಬತ್ತು ಜನ ಗುತ್ತಿಗೆಯವರೂ ಇದ್ದರೆ, ಕಾಯಂ ನೌಕರರನ್ನು ಮಾತ್ರ ಎಣಿಸಿದಾಗ ಸೂಚ್ಯಂಕ 1 ಬರುತ್ತದೆ. ಎಲ್ಲರನ್ನೂ ಎಣಿಸಿದರೆ 2. ಗುತ್ತಿಗೆಯವರದ್ದಷ್ಟೇ ತೆಗೆದರೆ 2.25. ಅದೇ ಕಾರ್ಖಾನೆ ಎಲ್ಲರನ್ನೂ ಎಣಿಸಿಯೂ ಅಮೆರಿಕದ ಆಧಾರ ಬಳಸಿದರೆ ಅಂಕಿ 0.4ಕ್ಕೆ ಇಳಿಯುತ್ತದೆ. ಯಾವ ಅಂಕಿಯೂ ಸುಳ್ಳಲ್ಲ, ಆದರೂ ಯಾವುದನ್ನು ಆರಿಸಿ ವಾರ್ಷಿಕ ವರದಿಯಲ್ಲಿ ಮುದ್ರಿಸಲಾಗಿದೆ ಎಂಬುದರ ಮೇಲೆ ಓದುಗನ ತಿಳಿವಳಿಕೆ ಪೂರಾ ಬದಲಾಗುತ್ತದೆ.

ಸಣ್ಣ ಗಾಯಗಳು ಕಡಿಮೆಯಾದರೆ ಸಾವುಗಳೂ ತಾವಾಗಿ ಕಡಿಮೆಯಾಗುತ್ತವೆ ಎಂಬ ನಂಬಿಕೆ ಅಮೆರಿಕದ ವಿಮಾ ತಜ್ಞ ಹೈನ್ರಿಕ್ 1931ರಲ್ಲಿ ಪ್ರಕಟಿಸಿದ ಗ್ರಂಥದಿಂದ ಹುಟ್ಟಿದ್ದು; ಒಂದು ಗಂಭೀರ ಗಾಯದ ಹಿಂದೆ 29 ಸಣ್ಣ ಗಾಯಗಳೂ ಗಾಯವಾಗದೆ ತಪ್ಪಿಹೋದ 300 ಘಟನೆಗಳೂ ಇರುತ್ತವೆ ಎಂಬ ಅವನ ಅನುಪಾತ ಇಂದಿಗೂ ತರಬೇತಿ ಕೊಠಡಿಗಳ ಗೋಡೆಯ ಮೇಲಿದೆ. ನಂತರದ ಸಂಶೋಧಕರು ಅದನ್ನು ಬಲವಾಗಿ ಪ್ರಶ್ನಿಸಿದ್ದಾರೆ. ಕೈಬೆರಳ ಗೀರು ಮತ್ತು ಪ್ರಿಹೀಟರ್ ಸುಟ್ಟಗಾಯದ ಕಾರಣಗಳು ಬೇರೆಯಾದ್ದರಿಂದ, ಗೀರುಗಳನ್ನು ಅರ್ಧಕ್ಕೆ ಇಳಿಸಿದ ಕಾರ್ಖಾನೆಯಲ್ಲೂ ಸಾವು ಸಂಭವಿಸಬಹುದು. ಅಲ್ಲದೆ ಸೂಚ್ಯಂಕಕ್ಕೆ ಬಹುಮಾನ ಕಟ್ಟಿದಲ್ಲೆಲ್ಲ ಗಾಯವನ್ನು ಮುಚ್ಚಿಡುವ ಒತ್ತಡ ಕೆಳಹಂತದ ಮೇಲ್ವಿಚಾರಕನ ಮೇಲೆ ಬೀಳುತ್ತದೆ. ಸಾವಿಗೆ ದಾರಿಯಾಗುವ ಕೆಲವೇ ಕೆಲಸಗಳ ಮೇಲೆ, ಅಂದರೆ ಎತ್ತರದ ಕೆಲಸ, ಚಲಿಸುವ ಬೆಲ್ಟ್, ಸೈಲೊದಂಥ ಮುಚ್ಚಿದ ಜಾಗ, ಕಾದ ಪುಡಿ, ಕಲ್ಲಿದ್ದಲು ಗಿರಣಿಯ ಬೆಂಕಿ, ಗಣಿಯ ಸಿಡಿಮದ್ದು, ಭಾರಿ ವಾಹನ, ಇವುಗಳ ಮೇಲೆ ಪ್ರತ್ಯೇಕವಾಗಿ ನಿಗಾ ಇಡುವ ಪದ್ಧತಿಯೇ ಹೆಚ್ಚು ನಂಬಲರ್ಹ.

ಈ ಪಟ್ಟಿಯ ಕೊನೆಯ ಹೆಸರು ಕಲಬುರಗಿ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಜಗತ್ತಿನ ದೊಡ್ಡ ಸಿಮೆಂಟ್ ಕಂಪನಿಗಳು ಸೇರಿ ರಚಿಸಿಕೊಂಡಿದ್ದ ಸುಸ್ಥಿರತಾ ವೇದಿಕೆಯು ಸಾವುಗಳ ಕಾರಣ ಹುಡುಕಿದಾಗ ಅವುಗಳಲ್ಲಿ ಬಹುಪಾಲು ಗುತ್ತಿಗೆಯವರದ್ದೂ ಹೊರಗಿನವರದ್ದೂ ಆಗಿದ್ದು, ವಾಹನ ಚಾಲನೆ ಮುಖ್ಯ ಕಾರಣವಾಗಿರುವುದು ಕಂಡುಬಂದು, 2009ರಲ್ಲಿ ಗುತ್ತಿಗೆದಾರರ ಸುರಕ್ಷತೆ ಮತ್ತು ಚಾಲನಾ ಸುರಕ್ಷತೆಗಾಗಿಯೇ ಎರಡು ಕೈಪಿಡಿಗಳನ್ನು ಹೊರತಂದಿತು. ಸೇಡಂ, ಚಿತ್ತಾಪುರ, ಕಲಬುರಗಿಗಳನ್ನು ಜೋಡಿಸುವ ರಸ್ತೆಗಳಲ್ಲಿ ಸಿಮೆಂಟ್ ಲಾರಿ, ಟ್ಯಾಂಕರ್, ಕಲ್ಲಿದ್ದಲು ಮತ್ತು ಹಾರುಬೂದಿಯ ವಾಹನಗಳು ಶಾಲಾ ಮಕ್ಕಳು, ಎತ್ತಿನ ಬಂಡಿ, ದ್ವಿಚಕ್ರ ವಾಹನಗಳ ನಡುವೆಯೇ ಓಡುತ್ತವೆ. ಲಾರಿ ಚಾಲಕ ಕಂಪನಿಯ ನೌಕರನಲ್ಲ, ಸಾಗಣೆ ಗುತ್ತಿಗೆದಾರನ ಆಳು. ಗೇಟಿನೊಳಗೆ ಹೆಲ್ಮೆಟ್ ಇಲ್ಲದೆ ಕಾಲಿಡಲು ಬಿಡದ ವ್ಯವಸ್ಥೆಯು, ಅದೇ ಚಾಲಕ ಎಷ್ಟು ಗಂಟೆ ನಿದ್ದೆಗೆಟ್ಟು ಬಂದಿದ್ದಾನೆ, ಸರತಿಗಾಗಿ ಕಾಯುವಾಗ ಅವನಿಗೆ ನೆರಳು, ನೀರು, ಶೌಚಾಲಯ ಇವೆಯೇ ಎಂದು ಕೇಳದಿದ್ದರೆ ಅದನ್ನು ಸಮಗ್ರವೆಂದು ಕರೆಯುವುದು ಕಷ್ಟ.

ಚೀಲ ತುಂಬಿ ಲಾರಿಗೆ ಏರಿಸುವ ಪ್ಯಾಕಿಂಗ್ ಪ್ಲಾಂಟಿನ ಕೆಲಸವೂ ಹೆಚ್ಚಾಗಿ ಗುತ್ತಿಗೆಯವರದ್ದೇ. ಅಪಾಯ ತಡೆಯುವ ಕ್ರಮಗಳಿಗೆ ಸುರಕ್ಷತಾ ಶಾಸ್ತ್ರವು ಒಂದು ಆದ್ಯತೆಯ ಕ್ರಮ ಹೇಳುತ್ತದೆ: ಅಪಾಯದ ಮೂಲವನ್ನೇ ತೆಗೆದುಹಾಕುವುದು ಉತ್ತಮ, ಬದಲಿ ವಸ್ತು ಬಳಸುವುದು ನಂತರ, ಯಂತ್ರದ ತಡೆ ಆಮೇಲೆ, ನಿಯಮ ಮತ್ತು ತರಬೇತಿ ಅದಕ್ಕೂ ನಂತರ, ಮುಖವಾಡ–ಕೈಗವಸುಗಳು ಕಟ್ಟಕಡೆಗೆ. ಐರೋಪ್ಯ ಒಕ್ಕೂಟ ಸಿಮೆಂಟಿನಲ್ಲಿ ಚರ್ಮರೋಗ ತರುವ ಆರು ವೇಲೆನ್ಸಿಯ ಕ್ರೋಮಿಯಂ ಪ್ರಮಾಣವನ್ನು 2005ರಿಂದ ಹತ್ತು ಲಕ್ಷಕ್ಕೆ ಎರಡು ಭಾಗಗಳಿಗೆ ಮಿತಿಗೊಳಿಸಿದ್ದು ಮೂಲದಲ್ಲೇ ತಡೆಯುವ ಕ್ರಮಕ್ಕೆ ಉತ್ತಮ ನಿದರ್ಶನ. 50 ಕಿಲೋ ಚೀಲ ಹೊರುವ ಹಮಾಲನಿಗೆ ಬೆನ್ನು ಬಾಗಿಸುವ ರೀತಿ ಕಲಿಸುವುದಕ್ಕಿಂತ ಚೀಲವನ್ನು ನೇರ ಲಾರಿಗೆ ಇಳಿಸುವ ಯಂತ್ರ ಮತ್ತು ಧೂಳನ್ನು ಹುಟ್ಟಿದಲ್ಲೇ ಹೀರುವ ಕೊಳವೆ ಹೆಚ್ಚು ಫಲಕಾರಿ. ಹಾಗೆ ಯಂತ್ರ ಬಂದಲ್ಲಿ ಹಮಾಲರ ಜೀವನೋಪಾಯದ ಹೊಣೆಯನ್ನೂ ಕಂಪನಿ ಹೊರಬೇಕೆಂಬುದು ನ್ಯಾಯ. ಚಿಮಣಿಯ ಧೂಳಿಗೆ 2014ರ ಕೇಂದ್ರ ಅಧಿಸೂಚನೆ ಹೊಸ ಘಟಕಗಳಿಗೆ ಘನ ಮೀಟರಿಗೆ 30 ಮಿಲಿಗ್ರಾಂ ಮಿತಿ ಹಾಕಿದ್ದು, ಅದನ್ನು ಸತತವಾಗಿ ಅಳೆಯುವ ಉಪಕರಣಗಳೂ ಕಡ್ಡಾಯವಾಗಿರುವಾಗ, ಪ್ಯಾಕಿಂಗ್ ಜಾಗದಲ್ಲಿ ದುಡಿಯುವವರು ಉಸಿರಾಡುವ ಗಾಳಿಯ ಅಳತೆಯನ್ನೂ ಅದೇ ಶಿಸ್ತಿನಿಂದ ಪ್ರಕಟಿಸುವುದು ಅಸಾಧ್ಯವೇನಲ್ಲ.

ಏಕರೂಪತೆಗೆ ಮಿತಿಯೂ ಇದೆ. ಜ್ಯೂರಿಕ್, ಪ್ಯಾರಿಸ್ ಅಥವಾ ಮುಂಬೈಯಲ್ಲಿ ಬರೆದ ನಿಯಮಕ್ಕೆ ಕಲಬುರಗಿಯ ಮೇ ತಿಂಗಳ ಬಿಸಿಲು ಗೊತ್ತಿರುವುದಿಲ್ಲ. 40 ಡಿಗ್ರಿ ಮೀರಿದ ಹಗಲಿನಲ್ಲಿ ಗೂಡಿನ ಬದಿಯಲ್ಲಿ ದಪ್ಪ ಶಾಖನಿರೋಧಕ ಉಡುಪು ಧರಿಸಿದವನಿಗೆ ಬೆಂಕಿಯಿಂದ ರಕ್ಷಣೆ ಸಿಕ್ಕರೂ ಒಳಗಿನ ಬೆವರು ಆರದೆ ತಲೆಸುತ್ತು ಬರುವ ಅಪಾಯ ಹೆಚ್ಚುತ್ತದೆ. ಆದ್ದರಿಂದ ಆ ಉಡುಪಿನಲ್ಲಿ ಎಷ್ಟು ನಿಮಿಷ ಇರಬಹುದು, ಎಷ್ಟು ವಿಶ್ರಾಂತಿ ಬೇಕು, ಗಣಿಯ ಬಯಲು ಕೆಲಸವನ್ನು ಬೆಳಗಿನ ತಂಪಿಗೆ ಸರಿಸಬೇಕೇ ಎಂಬುದನ್ನು ಸ್ಥಳೀಯ ಸುರಕ್ಷತಾ ಸಮಿತಿಯೇ ನಿರ್ಧರಿಸಬೇಕು. ಕನಿಷ್ಠ ಮಟ್ಟ ಎಲ್ಲೆಡೆ ಒಂದೇ ಇರಲಿ, ಅದನ್ನು ಮುಟ್ಟುವ ದಾರಿ ಊರಿಗೆ ತಕ್ಕಂತಿರಲಿ ಎಂಬುದೇ ವಿವೇಕದ ನಿಲುವು. ಆಡಳಿತದ ಪ್ರತಿನಿಧಿಗಳಷ್ಟೇ ಸಂಖ್ಯೆಯ ಕಾರ್ಮಿಕ ಪ್ರತಿನಿಧಿಗಳಿರುವ ಸಮಿತಿಯನ್ನು ಕಾರ್ಖಾನೆಗಳ ಕಾಯ್ದೆಯ 1987ರ ತಿದ್ದುಪಡಿಯೇ ಕೇಳಿತ್ತು. ನೋಟಿಸುಗಳು ಇಂಗ್ಲಿಷಿನ ಜೊತೆಗೆ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದು ಮೂಲ ಕಾಯ್ದೆಯೇ ಹೇಳಿತ್ತು. ಕನ್ನಡ, ದಖನಿ ಉರ್ದು, ತೆಲುಗು ಆಡುವ ಸ್ಥಳೀಯರ ಜೊತೆ ಉತ್ತರ ಭಾರತದಿಂದ ಬಂದ ಹಿಂದಿ ಭಾಷಿಕರೂ ಒಂದೇ ಪಾಳಿಯಲ್ಲಿ ದುಡಿಯುವ ಈ ಸೀಮೆಯಲ್ಲಿ ಒಂದು ಭಾಷೆಯ ಫಲಕ ಸಾಲುವುದಿಲ್ಲ.

ಇವೆಲ್ಲದರ ಆಚೆಗೆ, ಕಾರ್ಖಾನೆಗಳ ಗೋಡೆಯ ಹೊರಗೆ, ಶಹಾಬಾದ್ ಮತ್ತು ಸುತ್ತಲಿನ ಊರುಗಳಲ್ಲಿ ನೆಲಹಾಸಿಗೆ ಹೆಸರಾದ ಶಹಾಬಾದಿ ಕಲ್ಲನ್ನು ಎಬ್ಬಿಸುವ, ಕೊರೆಯುವ, ನುಣುಪು ಮಾಡುವ ಸಣ್ಣ ಗಣಿ ಮತ್ತು ಪಾಲಿಶ್ ಘಟಕಗಳಿವೆ. ಅದೇ ಶಿಲಾಸಮೂಹದ ಕಲ್ಲು, ಅದೇ ಬಿಸಿಲು, ಅದೇ ಹಳ್ಳಿಗಳ ಜನ; ಆದರೆ ಅಲ್ಲಿಗೆ ಯಾವ ಸಮೂಹದ ಮಾನದಂಡವೂ ತಲುಪುವುದಿಲ್ಲ. ಕಲಬುರಗಿಯಲ್ಲಿ ಕಾರ್ಮಿಕ ರಾಜ್ಯ ವಿಮಾ ನಿಗಮದ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ 2013ರಿಂದ ಇದೆ. ಧೂಳಿನ ಕಾಯಿಲೆಗಳ ತಪಾಸಣೆಗೆ ಅದನ್ನು ಕೇಂದ್ರವಾಗಿಟ್ಟುಕೊಂಡು, ದೊಡ್ಡ ಕಂಪನಿಗಳು ತಮ್ಮ ಸಾಮಾಜಿಕ ಹೊಣೆಗಾರಿಕೆಯ ಹಣದಲ್ಲಿ ಒಂದು ಪಾಲನ್ನು ಈ ಸಣ್ಣ ಗಣಿಗಳ ಕಾರ್ಮಿಕರ ಎದೆಯ ಚಿತ್ರ ಮತ್ತು ಉಸಿರಾಟದ ಪರೀಕ್ಷೆಗೆ ಮೀಸಲಿಡುವುದು ಸಾಧ್ಯವಿರುವ ಕೆಲಸ.

ಸದ್ಯ ಈ ಸೀಮೆಯ ಒಡೆತನ ಕೆಲವೇ ಕೈಗಳಿಗೆ ಬಂದಿರುವುದರಿಂದ ಹಿಂದೆಂದೂ ಇಲ್ಲದ ಅವಕಾಶವೊಂದು ಒದಗಿದೆ. ಪ್ರತಿ ಘಟಕವೂ ತನ್ನ ಗೇಟಿನ ಫಲಕದಲ್ಲಿ ಕಾಯಂ ನೌಕರರು, ಗುತ್ತಿಗೆ ಕಾರ್ಮಿಕರು, ಗಣಿ ಕಾರ್ಮಿಕರು ಮತ್ತು ಲಾರಿ ಚಾಲಕರು, ಈ ನಾಲ್ಕು ವರ್ಗದವರ ಗಾಯ ಮತ್ತು ಸಾವಿನ ಲೆಕ್ಕವನ್ನು ಒಂದೇ ಸೂತ್ರದಲ್ಲಿ, ಕನ್ನಡವೂ ಸೇರಿದಂತೆ ಕಾರ್ಮಿಕರಿಗೆ ತಿಳಿಯುವ ಭಾಷೆಗಳಲ್ಲಿ ಪ್ರತಿ ತಿಂಗಳೂ ಪ್ರಕಟಿಸಲಿ. ಸುರಕ್ಷತಾ ಸಮಿತಿಯಲ್ಲಿ ಗುತ್ತಿಗೆ ಕಾರ್ಮಿಕರಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನ ಕೊಡಲಿ. ರಾಜ್ಯದ ಕಾರ್ಖಾನೆ ಇಲಾಖೆ ಮತ್ತು ಕೇಂದ್ರದ ಗಣಿ ನಿರ್ದೇಶನಾಲಯ ವರ್ಷಕ್ಕೊಮ್ಮೆಯಾದರೂ ಜಂಟಿಯಾಗಿ ತಪಾಸಣೆ ನಡೆಸಲಿ. ಈ ಮೂರಕ್ಕೂ ಹೊಸ ಕಾನೂನು ಬೇಕಾಗಿಲ್ಲ. ಕಂಪನಿಗಳ ಆಡಳಿತ ಮಂಡಳಿಗಳು ಮತ್ತು ಎರಡು ಸರ್ಕಾರಗಳ ಅಧಿಕಾರಿಗಳು ಬರುವ ಆರ್ಥಿಕ ವರ್ಷದಿಂದಲೇ ಇವನ್ನು ಆರಂಭಿಸಬೇಕು.